ಕುರಿಯಿಲ್ಲದ ವೀಡಿಯೊ

ಪ್ರಯಾಣದ ಚೀಲ ತುಂಬುವುದರಲ್ಲಿ ಶ್ವೇತಳನ್ನು ಮೀರಿಸುವವರಿಲ್ಲ. ವಾಂತಿಗೆ ಪ್ಲಾಸ್ಟಿಕ್ ಕವರು, ಮೂಸಲು ನಿಂಬೆಹಣ್ಣು, ಮಕ್ಕಳಿಗೆ ಬದಲಿ ಬಟ್ಟೆ, ನಿಪ್ಪಟ್ಟು, ನೀರು. ಇಷ್ಟನ್ನೂ ಕಣ್ಣು ಮುಚ್ಚಿಕೊಂಡು ಜೋಡಿಸಬಲ್ಲಳು. ಅವಳನ್ನು ಸೋಲಿಸುತ್ತಿದ್ದುದು ಚೀಲಕ್ಕೆ ತುರುಕಲಾಗದ ಒಂದೇ ವಸ್ತು: ದಾರಿಯುದ್ದಕ್ಕೂ ಮಗಳು ನೋಡುವ ವೀಡಿಯೊ.

ಕಿರಂಗೂರಿನಲ್ಲಿ ಹುಟ್ಟಿ, ಶ್ರೀರಂಗಪಟ್ಟಣದಲ್ಲಿ ಬಿ.ಕಾಂ. ಓದಿ, ಪಾಂಡವಪುರದ ಆಚೆಯ ಹಳ್ಳಿಗೆ ಸೊಸೆಯಾಗಿ ಬಂದವಳು ಅವಳು. ಬೆಳಗ್ಗೆ ಸಂಜೆ ಊರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಾಳೆ. ನೀರು ಬೆರೆಸಿ ತಂದವರು ಅವಳ ಮುಂದೆ ಕ್ಯಾನು ಇಡುವಾಗ ಆಕಾಶ ನೋಡುತ್ತಾರೆ ಎಂದು ಊರಲ್ಲಿ ತಮಾಷೆಯ ಮಾತಿದೆ. ಊರಿಗೆ ಊರನ್ನೇ ಸಂಭಾಳಿಸುವ ಈ ಹೆಂಗಸಿಗೆ ಐದು ವರ್ಷದ ಧನುಶ್ರೀ ಮಾತ್ರ ಬಗ್ಗುತ್ತಿರಲಿಲ್ಲ.

ಶ್ವೇತ ಬೆಳೆದದ್ದು ಕಿಟಕಿಯೇ ಇಲ್ಲದ ಪ್ರಯಾಣಗಳಲ್ಲಿ. ಅಪ್ಪನ ಸ್ಕೂಟರಿನ ಮುಂದೆ ನಿಂತು ಕಾವೇರಿ ಸೇತುವೆ ದಾಟುವಾಗ ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಆ ನೀರಿನೊಳಗಿಂದಲೇ ನದಿ ಕಾಣುತ್ತಿತ್ತು. ತನ್ನ ಮಕ್ಕಳೂ ಗಾಜಿಗೆ ಹಣೆಯೊತ್ತಿ ನಾಲೆ, ಕಬ್ಬಿನ ಗದ್ದೆ, ಬಂಡೆ ಬೆಟ್ಟ ನೋಡಲಿ ಎಂದು ಅವಳ ಆಸೆ. ಒಮ್ಮೆ ಕೆ.ಆರ್. ಪೇಟೆಯ ನಾದಿನಿ ಮನೆಗೆ ಹೋಗುವಾಗ ಹಟ ಮಾಡಿ ಮೊಬೈಲನ್ನು ಮನೆಯಲ್ಲೇ ಬಿಟ್ಟು ಹೊರಟಳು. ಧನುಶ್ರೀ ಕೂಗಿದ ಕೂಗಿಗೆ ದಾರಿಯಲ್ಲಿ ಇಬ್ಬರು ಕಾರಿಗೆ ಅಡ್ಡ ಬಂದು, "ಮಗುಗೆ ಏನಾಯ್ತು, ಆಸ್ಪತ್ರೆಗಾ?" ಎಂದು ಕೇಳಿದರು. ಅಂದಿನಿಂದ ಗಂಡ ರವೀಂದ್ರ ಕಾರಿನ ಕೀಲಿಗಿಂತ ಮೊದಲು ಮೊಬೈಲ್ ಚಾರ್ಜು ನೋಡಿಕೊಳ್ಳುತ್ತಾನೆ.

ಇದೆಲ್ಲ ಹೇಗೋ ನಡೆದುಕೊಂಡು ಹೋಗುತ್ತಿತ್ತು. ಆದರೆ ಈ ಸಲದ ಪ್ರಯಾಣವೇ ಬೇರೆ.

ಹೋದ ವರ್ಷ ಧನುಶ್ರೀಗೆ ಡೆಂಗಿ ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ ಶ್ವೇತಳ ಅತ್ತೆ ಪಾರ್ವತಮ್ಮ ಮನೆದೇವರಿಗೆ ಹರಕೆ ಹೊತ್ತಿದ್ದರು. ಮಗು ಎದ್ದು ಓಡಾಡಿದರೆ ದೇವಲಾಪುರದ ಕಡೆಯ ಗುಡಿಯಲ್ಲಿ ಟಗರು ಒಪ್ಪಿಸಿ ಪರ ಮಾಡುತ್ತೇವೆ, ನೆಂಟರಿಷ್ಟರಿಗೆ ಬಾಡೂಟ ಹಾಕುತ್ತೇವೆ ಎಂದು. ಮಗು ಎದ್ದಿತು. ಹರಕೆಯ ಟಗರುಮರಿ ಮನೆಗೆ ಬಂತು. ಎದ್ದ ಮಗುವೇ ಆ ಮರಿಗೆ ಸೊಪ್ಪು ತಿನ್ನಿಸಿ, ಬಣ್ಣ ನೋಡಿ 'ಬೆಲ್ಲ' ಎಂದು ಹೆಸರಿಟ್ಟು, ಅದರ ಕುತ್ತಿಗೆಗೆ ತನ್ನ ಹಳೆಯ ರಿಬ್ಬನ್ನು ಕಟ್ಟಿತು. ಸಾಕಿದ್ದು ಯಾತಕ್ಕೆಂದು ಮಗುವಿಗೆ ಯಾರೂ ಹೇಳಲಿಲ್ಲ.

"ಅರಕೆ ಒಪ್ಸೋ ಗಳಿಗೇಲಿ ಮಗ ಕಣ್ಣೀರಾಕ್ಬಾರ್ದು ಕನವ್ವ" ಎಂದರು ಪಾರ್ವತಮ್ಮ. "ಯಾರ್ ಎಸ್ರಲ್ಲಿ ಕೊಡ್ತೀವೋ ಅವ್ರೇ ಗುಡಿ ಮುಂದೆ ಅತ್ರೆ ದೇವ್ರು ಒಪ್ಪಕಿಲ್ಲ."

"ಅದಕ್ಕೆ ನಾನೇನ್ ಮಾಡ್ಲಿ ಅತ್ತೆ?"

"ದಿನಾ ಕಿತ್ಕತೀಯಲ್ಲ ಆ ಮೊಬೈಲು, ಅವತ್ತೊಂದಿನ ಕೊಡು. ಅಲ್ಲಿಗೋಗೋಗಂಟ ಬೆಲ್ಲುನ್ ಗ್ಯಾನ ಬರ್ಬಾರ್ದು. ಕುರಿ ಗಿರಿ ಇಲ್ದೇ ಇರೋದ್ ಆಕ್ಕೊಡು, ಅಷ್ಟೆ."

ಅಷ್ಟೆ! ಹೊರಡುವ ಹಿಂದಿನ ಸಂಜೆ ಡೈರಿ ಕೆಲಸ ಮುಗಿಸಿ ಜಗಲಿಯ ಮೇಲೆ ಕೂತು ಹುಡುಕತೊಡಗಿದಾಗ ಶ್ವೇತಳಿಗೆ ಒಂದು ಸತ್ಯ ಗೊತ್ತಾಯಿತು. ಮಕ್ಕಳಿಗೆಂದು ಮಾಡಿದ ವೀಡಿಯೊಗಳಲ್ಲಿ ಮನುಷ್ಯರಿಗಿಂತ ಕುರಿಗಳೇ ಹೆಚ್ಚು. ಅಂಕಿ ಕಲಿಸಲು ಬೇಲಿ ಹಾರುವ ಕುರಿ. ಅಕ್ಷರಮಾಲೆ ಹಾಕಿದರೆ 'ಆ' ಆಡು, 'ಕ' ಕುರಿ, 'ಮ' ಮೇಕೆ. ಹಲ್ಲುಜ್ಜುವುದನ್ನು ಹೇಳಿಕೊಡುವುದೂ ಕುರಿಯೇ. ಒಂದು ಕಥೆಯಲ್ಲಂತೂ ಮರಿಯೊಂದು ತಾಯಿಯನ್ನು ಹುಡುಕಿಕೊಂಡು ಬೆಟ್ಟದಿಂದ ಬೆಟ್ಟಕ್ಕೆ ಅಳುತ್ತಾ ಹೋಗುತ್ತಿತ್ತು. ಶ್ವೇತ ಅದನ್ನು ಅರ್ಧಕ್ಕೇ ಆರಿಸಿದಳು. ಪ್ರಾಣಿಗಳ ಸಹವಾಸವೇ ಬೇಡವೆಂದು ಆಟಿಕೆ ಅಡುಗೆಯ ವೀಡಿಯೊ ಹಾಕಿದಳು. ಅಂಗೈಯಗಲದ ಒಲೆ, ಬೆರಳುದ್ದದ ಸೌಟು, ಏನು ಚಂದ! ಕೊನೆಯಲ್ಲಿ ಆ ಪುಟಾಣಿ ಮಡಕೆಯಲ್ಲಿ ಕುದಿಯುತ್ತಿದ್ದದ್ದು ಮಟನ್ ಸಾರು.

ಮೊಬೈಲನ್ನು ಜಗಲಿಗೆ ಕುಕ್ಕಿದಳು.

ಪಕ್ಕದಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ ದೊಡ್ಡ ಮಗ ರಾಹುಲ್ ನಕ್ಕ. ಗುಟ್ಟು ಬಿಟ್ಟುಕೊಡದಿರಲು ಅವನಿಗೆ ಆಗಲೇ ಕ್ರಿಕೆಟ್ ಬ್ಯಾಟಿನ ಲಂಚ ಸಂದಿತ್ತು. "ಟ್ರಾಕ್ಟರ್ ಹಾಕಮ್ಮ. ಟ್ರಾಕ್ಟರಲ್ಲಿ ಎಲ್ಲಾದ್ರೂ ಕುರಿ ಇರ್ತದಾ?"

ಮನೆಯ ಮುಂದೆ ಸ್ವಂತ ಟ್ರಾಕ್ಟರು ನಿಂತಿದೆ. ಅದನ್ನು ಬಿಟ್ಟು ಬೇರೆಯವರ ಟ್ರಾಕ್ಟರನ್ನು ಗಂಟೆಗಟ್ಟಲೆ ನೋಡುವ ಈ ಹುಡುಗರ ಚಾಳಿಗೆ ಅವಳು ಬೈಯದ ದಿನವಿಲ್ಲ. ಈಗ ಅದೇ ಗತಿ. ಹಾಕಿ ನೋಡಿದಳು. ಕಬ್ಬು ಹೇರಿದ ಟ್ರಾಕ್ಟರು ಏರಿನಲ್ಲಿ ಮುಂದಿನ ಚಕ್ರ ಎತ್ತಿ ಏದುಸಿರು ಬಿಡುತ್ತಿತ್ತು. ಇನ್ನೊಂದು ಅದನ್ನು ಎಳೆಯುತ್ತಿತ್ತು. ಹೊಗೆ, ಕೆಸರು, ಗಂಡಸರ ಕೂಗಾಟ. ಕುರಿಯ ಸುಳಿವಿಲ್ಲ. ಅರ್ಧ ನೋಡಿ, ನೆಮ್ಮದಿಯಿಂದ ಮೊಬೈಲಿಗೆ ಇಳಿಸಿಕೊಂಡಳು.

ಬೆಳಗ್ಗೆ ಮಾವ ರಂಗಸ್ವಾಮಿ ಬೆಲ್ಲನನ್ನು ಗೂಡ್ಸ್ ಆಟೋದಲ್ಲಿ ಹತ್ತಿಸಿಕೊಂಡು ಮುಂಚೆಯೇ ಹೊರಟಿದ್ದರು. ಎದ್ದು ಕಣ್ಣುಜ್ಜುತ್ತಾ ಬಂದ ಧನುಶ್ರೀ ಖಾಲಿ ಗೂಟ ನೋಡಿ, "ಬೆಲ್ಲ ಎಲ್ಲಿ?" ಎಂದಳು.

"ಅವ್ರಮ್ಮನ ಮನೆಗೆ ಹೋಗಿದೆ ಮಗ" ಎಂದಳು ಶ್ವೇತ. ಸುಳ್ಳು ಹಾಲಿಗೆ ನೀರು ಬೆರೆತಷ್ಟು ಸಲೀಸಾಗಿ ಬೆರೆಯಿತು.

ಮುಂದೆ ರವೀಂದ್ರ, ಪಾರ್ವತಮ್ಮ. ಹಿಂದೆ ಮಕ್ಕಳಿಬ್ಬರ ನಡುವೆ ಶ್ವೇತ. ಜಕ್ಕನಹಳ್ಳಿ ದಾಟುವವರೆಗೂ ಟ್ರಾಕ್ಟರುಗಳು ತಮ್ಮ ಕೆಲಸ ಚೆನ್ನಾಗಿಯೇ ಮಾಡಿದವು. ನಾಗಮಂಗಲ ಇನ್ನೂ ದೂರವಿರುವಾಗ ಕಾರು ನಿಂತಿತು. ರಸ್ತೆ ತುಂಬ ಕುರಿಮಂದೆ. ಎದುರಿಂದ, ಎಡದಿಂದ, ಬಲದಿಂದ ಮೈಗೆ ಮೈ ತಾಗಿಸಿಕೊಂಡು ಕಾರನ್ನು ಸುತ್ತುವರಿದು ಹರಿಯುತ್ತಿದ್ದವು. ಎಳೆಬಿಸಿಲಿಗೆ ಅವುಗಳ ಬೆನ್ನ ಮೇಲೆ ಧೂಳು ಹೊಳೆಯುತ್ತಿತ್ತು. ಬೇರೆ ದಿನವಾಗಿದ್ದರೆ ಮಗಳ ಗಲ್ಲ ಹಿಡಿದು ತೋರಿಸುತ್ತಿದ್ದಳು.

"ಮೊಬೈಲ್ ನೋಡು ಮಗ, ಆಚೆ ನೋಡ್ಬೇಡ!" ಶ್ವೇತ ಸೆರಗನ್ನು ಕಿಟಕಿಗೆ ಅಡ್ಡ ಹಿಡಿದಳು. "ನೋಡ್ ನೋಡು, ಚಕ್ರ ಹೆಂಗೆ ಎತ್ತುತ್ತೆ!"

ರವೀಂದ್ರ ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿ ನಗಲಾರದೆ ನಕ್ಕ. "ಏನ್ ತಾಯಿ, ಕಿಟಕಿ ನೋಡು ಕಿಟಕಿ ನೋಡು ಅಂತ ವರ್ಸಗಟ್ಲೆ ಬಡ್ಕಂಡೋಳು ನೀನೇನಾ?"

"ನೀವು ಸುಮ್ನೆ ಹಾರನ್ ಹೊಡೀರಿ!"

ಮಂದೆ ಸರಿಯಿತು. ಕಾರು ಹೊರಟಿತು. ಧನುಶ್ರೀ ತಲೆ ಎತ್ತಿರಲಿಲ್ಲ. ಶ್ವೇತ ಸೀಟಿಗೆ ಒರಗಿ ಕಣ್ಣು ಮುಚ್ಚಿದಳು. ನಾಗಮಂಗಲ ಕಳೆದು ದೇವಲಾಪುರದ ದಾರಿ ಹಿಡಿದ ಮೇಲೆ ಮೊಬೈಲಿನಿಂದ ತಮಟೆ ಸದ್ದು ಕೇಳಿತು. ಟ್ರಾಕ್ಟರಿಗೆ ತಮಟೆ ಯಾಕೆ ಎಂದು ಕಣ್ಣು ಬಿಟ್ಟಳು.

ವೀಡಿಯೊದ ಕೊನೆಯಲ್ಲಿ ಹೊಸ ಟ್ರಾಕ್ಟರಿಗೆ ಪೂಜೆ ನಡೆದಿತ್ತು. ಬಾಳೆಕಂದು, ಬೂದುಗುಂಬಳ, ಊದುಬತ್ತಿ. ಮುಂದಿನ ಚಕ್ರದ ಬಳಿ ಹಾರ ಹಾಕಿಸಿಕೊಂಡು, ಹಣೆಗೆ ಕುಂಕುಮ ಇಡಿಸಿಕೊಂಡು ನಿಂತಿತ್ತು ಒಂದು ಟಗರು. ಶ್ವೇತ ಕೈ ಚಾಚಿ ಆರಿಸಿದಳು. ಆದರೆ ತಡವಾಗಿತ್ತು.

"ಅಮ್ಮ, ಅದುಕ್ ಯಾಕೆ ಹಾರ ಹಾಕವ್ರೆ?"

ರಾಹುಲ್ ಕಿಟಕಿಯತ್ತ ತಿರುಗಿದ. ಪಾರ್ವತಮ್ಮ ಮುಂದಿನಿಂದ ಪಿಸುಗುಟ್ಟಿದರು, ಕಾರಿಗೆಲ್ಲ ಕೇಳುವಂತೆ: "ಉಟ್ಟಿದಬ್ಬ ಅನ್ನು, ಉಟ್ಟಿದಬ್ಬ ಅನ್ನು."

"ಬೆಲ್ಲಂಗೂ ಹಾಕ್ತಾರಾ?"

ಹೂಂ, ಹುಟ್ಟಿದಹಬ್ಬ ಎನ್ನಲು ಬಾಯಿ ತೆರೆದಳು ಶ್ವೇತ. ಆಗಲಿಲ್ಲ. ನಿನ್ನೆ ಸಂಜೆಯಿಂದ ಕುರಿಯನ್ನು ಬಚ್ಚಿಟ್ಟೂ ಬಚ್ಚಿಟ್ಟೂ ಅವಳಿಗೆ ಸಾಕಾಗಿ ಹೋಗಿತ್ತು.

"ಹಾಕ್ತಾರೆ ಮಗ. ನಿನಗೆ ಜ್ವರ ಬಂದಿತ್ತಲ್ಲ, ಆಗ ಅಜ್ಜಿ ದೇವರಿಗೆ ಮಾತು ಕೊಟ್ಟಿದ್ರು. ಇವತ್ತು ಬೆಲ್ಲನ್ನ ದೇವರಿಗೆ ಕೊಡ್ತೀವಿ. ಅದು ವಾಪಸ್ ಬರಲ್ಲ. ಅದನ್ನ ಕಡೀತಾರೆ."

ಧನುಶ್ರೀ ಅಮ್ಮನ ಮುಖವನ್ನೇ ನೋಡಿದಳು. "ಅವ್ರಮ್ಮನ ಮನೆಗೆ ಹೋಗೈತೆ ಅಂದೆ."

"ಸುಳ್ಳು ಹೇಳ್ದೆ."

ಆಮೇಲೆ ಬಂತು ಅಳು. ಕೆ.ಆರ್. ಪೇಟೆ ದಾರಿಯ ಅಳು ಇದರ ಮುಂದೆ ಏನೂ ಅಲ್ಲ. ಪಾರ್ವತಮ್ಮ ಎದೆಗೆ ಕೈ ಒತ್ತಿಕೊಂಡರು. "ಅಯ್ಯೋ, ಅಳ್ಸ್‌ಬುಟ್ಟಲ್ಲವ್ವ! ಬ್ಯಾಡ ಬ್ಯಾಡ ಅಂದ್ರೂ ಅಳ್ಸ್‌ಬುಟ್ಟಲ್ಲ!"

"ಗುಡಿ ಇನ್ನೂ ಬಂದಿಲ್ಲ ಅತ್ತೆ" ಎಂದಳು ಶ್ವೇತ. ಅವಳ ದನಿ ಡೈರಿಯ ದನಿಯಾಗಿತ್ತು. "ಗುಡಿ ಮುಂದೆ ಅಳಬಾರದು ಅಂದ್ರಿ. ಅಳೋದನ್ನೆಲ್ಲ ಇಲ್ಲೇ ಅಳ್ಲಿ. ರೀ, ಗಾಡಿ ನಿಲ್ಸಿ."

ರವೀಂದ್ರ ಹುಣಸೆಮರದ ಕೆಳಗೆ ನಿಲ್ಲಿಸಿದ. ಎಲ್ಲರೂ ಇಳಿದರು. ಶ್ವೇತ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಬೇರಿನ ಮೇಲೆ ಕೂತಳು. ಸುಮ್ಮನಿರು ಎನ್ನಲಿಲ್ಲ, ಮೊಬೈಲೂ ಕೊಡಲಿಲ್ಲ. ಅಜ್ಜಿ ಬಂದು ಮುಟ್ಟಿದಾಗ ಮಗು ಕೈ ತಳ್ಳಿತು. ಎರಡನೆಯ ಸಲ ತಳ್ಳಲಿಲ್ಲ. ಮಾವನ ಫೋನು ಬರುತ್ತಲೇ ಇತ್ತು, ಪೂಜಾರಿ ಕಾಯುತ್ತಿದ್ದಾರೆಂದು. "ಕಾಯ್ಲಿ ಬುಡಪ್ಪ" ಎಂದ ರವೀಂದ್ರ. ಅಳು ಬಿಕ್ಕಾಗಿ, ಬಿಕ್ಕು ಬಿಕ್ಕಳಿಕೆಯಾಗಿ, ಕೊನೆಗೆ ಅದೂ ನಿಂತಿತು. ಶ್ವೇತ ಬಾಟಲಿಯ ನೀರಿನಿಂದ ಆ ಮುಖ ತೊಳೆದಳು.

ಗುಡಿಯ ಮುಂದೆ ಬೆಲ್ಲ ರಿಬ್ಬನ್ನಿನ ಮೇಲೆ ಹಾರ ಹಾಕಿಕೊಂಡು ನಿಂತಿತ್ತು. ಧನುಶ್ರೀ ಹತ್ತಿರ ಹೋಗಿ ಅದರ ಕಿವಿ ಮುಟ್ಟಿ ವಾಪಸ್ಸು ಬಂದಳು. ಪೂಜಾರಿ ತೀರ್ಥ ಚಿಮುಕಿಸಿದರು. ಮೈ ಜಾಡಿಸಿದರೆ ದೇವರ ಒಪ್ಪಿಗೆ. ಬೆಲ್ಲ ಮೈ ಜಾಡಿಸಿತು. ಶ್ವೇತ ಮಗಳನ್ನು ಎತ್ತಿಕೊಂಡು ಗುಡಿಯ ಹಿಂಬದಿಗೆ ಹೋದಳು. ಅವಳ ಹೆಗಲ ಮೇಲೆ ಒತ್ತಿದ್ದ ಆ ಮುಖ ಒಣಗಿಯೇ ಇತ್ತು.

ಪರದ ಊಟಕ್ಕೆ ಕೂತಾಗ ಧನುಶ್ರೀ ಅನ್ನ ಮೊಸರು ಬೇಕೆಂದಳು. ಪಾರ್ವತಮ್ಮ ಎದ್ದು, ಪಕ್ಕದ ಊರೊಳಗೆ ಯಾರದೋ ಮನೆಗೆ ಹೋಗಿ, ಲೋಟದಲ್ಲಿ ಮೊಸರು ಮುಚ್ಚಿಕೊಂಡು ತಂದರು.

ವಾಪಸ್ಸು ಬರುವಾಗ ಮೊಬೈಲು ಶ್ವೇತಳ ಮಡಿಲಲ್ಲಿ ಬಿದ್ದಿತ್ತು. ಧನುಶ್ರೀ ಗಾಜಿಗೆ ಹಣೆಯೊತ್ತಿ ಹೊರಗೆ ನೋಡುತ್ತಿದ್ದಳು. ಎಷ್ಟೋ ವರ್ಷದಿಂದ ಶ್ವೇತ ಬಯಸಿದ್ದ ನೋಟ. ಈಗ ಅದನ್ನು ನೋಡಲಾಗದೆ, "ಏನಾದ್ರೂ ಹಾಕ್ಲಾ ಮಗ? ಏನ್ ಬೇಕಾದ್ರೂ ಹಾಕ್ತೀನಿ" ಎಂದಳು.

"ಬ್ಯಾಡ."

ಹೊಲಗಳು, ಹುರುಳಿ, ಒಂಟಿ ತೆಂಗು ಹಿಂದೆ ಹೋದವು. ಜಕ್ಕನಹಳ್ಳಿ ಬರುವ ಹೊತ್ತಿಗೆ ಹೊರಗೆ ಮಬ್ಬಾಗಿ, ಗಾಜಿನಲ್ಲಿ ಕಾರಿನೊಳಗಿನ ಮುಖಗಳೇ ಕಾಣತೊಡಗಿದವು. ಧನುಶ್ರೀ ತಿರುಗಿದಳು.

"ಟ್ರಾಕ್ಟರ್ ಹಾಕು."

ಶ್ವೇತ ಬೆಚ್ಚಿದಳು. "ಬೇರೆ ಯಾವುದಾದ್ರೂ..."

"ಅದೇ ಹಾಕು. ತಮಟೆ ಬರೋಕ್ ಮುಂಚೆ ನಿಲ್ಸು. ನಾನ್ ಹೇಳಲ್ಲ, ನೀನೇ ನೋಡ್ಕೊ."

ಕಬ್ಬು ಹೇರಿದ ಟ್ರಾಕ್ಟರು ಮತ್ತೆ ಏರು ಹತ್ತತೊಡಗಿತು. ಮಗಳು ಅಮ್ಮನ ತೋಳಿಗೆ ತಲೆಯಿಟ್ಟಳು. ಶ್ವೇತ ಹೆಬ್ಬೆರಳನ್ನು ಪರದೆಯ ಮೇಲೆ ಎತ್ತಿ ಹಿಡಿದು, ರೆಪ್ಪೆ ಮಿಟುಕಿಸದೆ, ಪಾಂಡವಪುರದವರೆಗೂ ಟ್ರಾಕ್ಟರನ್ನೇ ನೋಡುತ್ತಾ ಕೂತಳು.