ಮೀಸಲು ಹಾಲು

ಚಿತ್ರದುರ್ಗದಿಂದ ಏಳೂವರೆಯ ಬಸ್ಸಿಗೆ ಹೊರಟೆವು. ಹೊಳಲ್ಕೆರೆ ಮೇಲೆ ಹೊಸದುರ್ಗಕ್ಕೆ ಟಿಕೆಟ್ಟು ತಲಾ ಮೂರು ರೂಪಾಯಿ. ಕಿಟಕಿಯ ಪಕ್ಕ ತಂಗಿ ಪಾರ್ವತಿ, ಅವಳ ನಾಲ್ಕು ತಿಂಗಳ ಮಗ ನನ್ನ ತೊಡೆಯ ಮೇಲೆ. ಶಾಲೆಯಲ್ಲಿ ಐವತ್ತು ಮಕ್ಕಳನ್ನು ಸಂಭಾಳಿಸುವ ನನಗೆ ಈ ಒಂದು ಕೂಸು ನೀರು ಕುಡಿಸಿತು. ಹೊಳಲ್ಕೆರೆ ಬರುವಷ್ಟರಲ್ಲಿ ಸೀಸೆಯ ಅರ್ಧ ಹಾಲು ನನ್ನ ಅಂಗಿಯ ಮೇಲಿತ್ತು.

ಹೆತ್ತವಳು ಪಕ್ಕದಲ್ಲೇ ಇದ್ದರೂ ಮಗುವನ್ನು ಮುಟ್ಟುತ್ತಿರಲಿಲ್ಲ. ತಾನು ಮುಟ್ಟಿದರೆ ಅದು ಉಳಿಯುವುದಿಲ್ಲವೆಂಬ ಭಯ. ಹೊಸದಾಗಿ ಈದ ಹಸುವಿನ ಹಾಲನ್ನು ದೇವರಿಗೆ ಮೀಸಲಿಡುವುದು ನಮ್ಮ ಕಡೆಯ ಪದ್ಧತಿ. ಗುಡಿಗೆ ಮುಟ್ಟುವ ತನಕ ಯಾರೂ ಅದನ್ನು ಬಾಯಿಗಿಡುವಂತಿಲ್ಲ. ತುಂಬು ಬಸುರಿಯಾಗಿದ್ದಾಗ ಹಸಿವು ತಾಳದೆ ಇವಳು ಆ ಹಾಲನ್ನು ಒಂದು ಲೋಟ ಕುಡಿದುಬಿಟ್ಟಿದ್ದಳು. ಡಾಕ್ಟರ ಗುಳಿಗೆಯಿಂದ ನಿದ್ದೆ ಬಂತು, ಭಯ ಹೋಗಲಿಲ್ಲ. "ಮನೆದೇವ್ರ ಹತ್ರ ಹೋಗಾಣ, ತಪ್ಪು ಒಪ್ಕಂತೀನಿ" ಎಂದು ಹಟ ಹಿಡಿದಳು. ದೇವರು ದಿಂಡರನ್ನು ಅಷ್ಟಾಗಿ ನಂಬದ ನಾನು ಗೊಣಗುತ್ತಲೇ ಹೊರಟಿದ್ದೆ.

ಹೊಸದುರ್ಗದಲ್ಲಿ ಇಡ್ಲಿ ತಿಂದು, ಸುಡುವ ಬಿಸಿಲಲ್ಲಿ ಮೂರು ಮೈಲಿ ನಡೆದೆವು. ಕುರಿಗಾಹಿಗಳ ಹಟ್ಟಿಯ ಅಂಚಿನಲ್ಲಿ, ಮುಳ್ಳುಬೇಲಿಯೊಳಗೆ, ಹುಲ್ಲು ಹೊದಿಸಿದ ಪುಟ್ಟ ಗುಡಿ. ಮುದಿ ಪೂಜಾರಿ ಕಂಬಳಿ ಹಾಸಿದ. "ಬರ್ರಿ, ನೆಳ್ಳಾಗೆ ಕುಂತ್ಕಳ್ರಿ."

ಪಾರ್ವತಿ ನಿಂತೇ ಎಲ್ಲವನ್ನೂ ಹೇಳಿ ಅತ್ತಳು. ಇವನೇನಾದರೂ ಶಾಪ, ದಂಡ ಎಂದುಬಿಟ್ಟರೆ ಇವಳು ಮತ್ತೆ ಚೇತರಿಸಿಕೊಳ್ಳುವುದಿಲ್ಲ.

ಮುದುಕ ಕೇಳಿದ: "ಮೀಸಲು ಹಾಲ್ನ ದೇವ್ರಿಗೆ ತೋರ್ಸಿ, ಆಮ್ಯಾಲೆ ನಾನು ಯಾರಿಗೆ ಕೊಡ್ತೀನಿ ಗೊತ್ತೈತೇನವ್ವ?"

"ಹಟ್ಟಿ ಮಕ್ಕಳಿಗೆ."

"ನೀ ಕುಡ್ದಾಗ ಹೊಟ್ಟ್ಯಾಗೆ ಯಾರಿದ್ದ?"

ಅವಳು ನನ್ನ ತೊಡೆಯ ಮೇಲಿನ ಕೂಸನ್ನು ನೋಡಿದಳು.

"ಕುಡ್ದೋನು ಅವನು. ಅವನ ಪಾಲು ಅವನಿಗೆ ಮುಟ್ಟೈತೆ. ನೀನು ಬರೀ ಲೋಟ ಹಿಡ್ದಿದ್ದೆ ಕಣವ್ವ."

ಅವಳ ಹಣೆಗೆ ಭಂಡಾರ ಹಚ್ಚಿ, ನನ್ನ ಕಡೆ ತಿರುಗಿದ. "ಡಾಕ್ಟ್ರು ಗುಳಿಗೆ ಬಿಡಿಸಬ್ಯಾಡ್ರಿ."

ನಾನು ದಂಗಾದೆ. ಓದು ಬರಹ ಕಲಿತ ನಾನು ನಾಲ್ಕು ತಿಂಗಳೂ ಅವಳಿಗೆ ಹೇಳಿದ್ದು ಒಂದೇ ಮಾತು: ಅದೆಲ್ಲ ಸುಳ್ಳು. ಅಕ್ಷರ ಕಾಣದ ಈ ಮುದುಕ ಅವಳ ನಂಬಿಕೆಯೊಳಕ್ಕೇ ಇಳಿದು, ಅಲ್ಲಿಂದಲೇ ಅವಳಿಗೆ ದಾರಿ ತೋರಿಸಿದ್ದ. ನನ್ನ ಕೈ ತಾನಾಗಿ ಮುಗಿಯಿತು. ದೇವರಿಗೋ ಅವನಿಗೋ, ಈಗಲೂ ಹೇಳಲಾರೆ.

ಆದರೂ ಅಲ್ಲಿ ಅವಳು ಮಗುವನ್ನು ಎತ್ತಿಕೊಳ್ಳಲಿಲ್ಲ. ಮೂರು ಮೈಲಿಯೂ ನಾನೇ ಹೊತ್ತು ತಂದೆ. ವಾಪಸು ಬಸ್ಸು ಹೊಳಲ್ಕೆರೆಯಲ್ಲಿ ನಿಂತಾಗ ಕೂಸು ಹಸಿದು ಕಿರುಚತೊಡಗಿತು. ಹಾಲಿಗಾಗಿ ಹೋಟೆಲಿಗೆ ಓಡಬೇಕು, ಮಗುವನ್ನು ಯಾರ ಕೈಗೆ ಕೊಡಲಿ? ಕೇಳುವ ಧೈರ್ಯವಾಗದೆ ನಿಂತಿದ್ದೆ. ಪಾರ್ವತಿಯೇ ಕೈ ಚಾಚಿದಳು.

ಹಾಲು ತಂದು ಕೂಸನ್ನು ತೆಗೆದುಕೊಳ್ಳಹೋದೆ. "ಇರ್ಲಿ ಬಿಡಣ್ಣ" ಎಂದಳು. ಚಿತ್ರದುರ್ಗ ಬರುವ ತನಕ ನನಗೆ ಅದನ್ನು ಮುಟ್ಟಲು ಬಿಡಲಿಲ್ಲ.