ಭಟ್ಕಳದಿಂದ ಎಂಟು ಪಟ್ಟೆಮೀನುಗಳ ಸವಾರಿ

ಕೊಂಕಣ ರೈಲು ಓಡಲು ಶುರುವಾಗಿ ಹೆಚ್ಚು ದಿನವಾಗಿರಲಿಲ್ಲ. ಆ ಡಿಸೆಂಬರಿನ ಒಂದು ಶುಕ್ರವಾರ ಬೆಳಿಗ್ಗೆ ನಾನು ಕುಮಟೆಯಿಂದ ಭಟ್ಕಳಕ್ಕೆ ಹೊರಟೆ. ರೈಲಿನ ಹೊತ್ತಿಗೂ ನನ್ನ ಸ್ನಾನದ ಹೊತ್ತಿಗೂ ಹೊಂದಾಣಿಕೆ ಆಗದ ಕಾರಣ ಕೆಂಪು ಬಸ್ಸನ್ನೇ ಹಿಡಿದೆ. ಉದ್ದೇಶ ಘನವಾದದ್ದು: ಮೀನು ತರುವುದು. ಕಡಲ ದಂಡೆಯ ಕುಮಟೆಯವನೊಬ್ಬ ಮೀನಿಗಾಗಿ ಐವತ್ತೈದು ಕಿಲೋಮೀಟರು ಪ್ರಯಾಣ ಮಾಡುವುದೆಂದರೆ ಬಾವಿಕಟ್ಟೆಯ ಮೇಲೆ ಕೂತವನು ನೀರಿಗಾಗಿ ಪಕ್ಕದೂರಿಗೆ ಹೋದಂತೆ. ನೆರೆಯವರು ಕೇಳಿದ್ದಕ್ಕೆ "ಬೇರೆ ಥರದ ಮೀನು" ಎಂದೆ. ಅವರ ಅನುಮಾನ ಇನ್ನೂ ಹೆಚ್ಚಿತು.

ಸಂಗತಿ ಇಷ್ಟು. ಮೊಮ್ಮಗಳು ಮೈತ್ರಿಗೆ ಆಗ ಹತ್ತು ವರ್ಷ. ಅವಳಿಗೆ ಥಲಸೇಮಿಯಾ. ಮೈ ತಾನಾಗಿ ಮಾಡುವ ಕೆಂಪು ರಕ್ತ ಅವಳಿಗೆ ಸಾಲುವುದಿಲ್ಲ, ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗಿ ಬೇರೆಯವರ ರಕ್ತ ಹಾಕಿಸಿಕೊಂಡು ಬರಬೇಕು. ಬರುವ ಸೋಮವಾರ ಹೋಗುವ ಸರದಿ. ಅವಳು ಮುಷ್ಕರ ಹೂಡಿದ್ದಳು.

"ರಕ್ತ ಹ್ಯಾಂಗೆ ಆಗ್ತದೆ ಅಂತ ಯಾರೂ ತೋರಿಸೂದಿಲ್ಲ. ಸೂಜಿ ಮಾತ್ರ ತೋರಿಸ್ತಾರೆ. ನೋಡದೆ ನಾ ಬರೂದಿಲ್ಲ."

ಅವಳಮ್ಮ, ಅಂದರೆ ನನ್ನ ಮಗಳು ಸುಧಾ, ಬೈದಳು, ಬೇಡಿದಳು, ಕೊನೆಗೆ ಅತ್ತಳು. ಆಗ ನಾನು "ತೋರಿಸ್ತೇನೆ" ಎಂದುಬಿಟ್ಟೆ. ಜೀವನವಿಡೀ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿದವನು ನಾನು. ಕೆಲಸಕ್ಕೆ ನಿವೃತ್ತಿಯಿದೆ, ಬಾಯಿಗಿಲ್ಲ.

ನನ್ನ ಧೈರ್ಯಕ್ಕೆ ಆಧಾರವೂ ಇತ್ತು. ಬೆರಳಿಗಿಂತ ಗಿಡ್ಡದೊಂದು ಪಟ್ಟೆಮೀನಿದೆ. ಮೈಮೇಲೆ ನೀಲಿ ಗೆರೆ, ಇಂಗ್ಲಿಷಿನವರ ಬಾಯಲ್ಲಿ ಜೀಬ್ರಾಫಿಶ್. ಅದರ ಮೊಟ್ಟೆ ಗಾಜಿನಂತೆ ತಿಳಿ. ಒಳಗಿನ ಮರಿಯೂ ತಿಳಿ. ಗುಂಡಿಗೆ ಬಡಿಯುವುದು, ರಕ್ತದ ಕಣ ಹುಟ್ಟಿ ಓಡುವುದು, ಎಲ್ಲ ಸೂಕ್ಷ್ಮದರ್ಶಕದಡಿ ಕಾಣುತ್ತದೆ. ಅದಕ್ಕೇ ವಿಜ್ಞಾನಿಗಳು ರಕ್ತದ ಕಾಯಿಲೆಗಳನ್ನು ಅದರಲ್ಲಿ ಓದುತ್ತಾರೆ. ಇದು ನಮ್ಮ ಹಳ್ಳತೋಡುಗಳದ್ದೇ ಮೀನು ಎಂದು ಕೇಳಿ ಮಿರ್ಜಾನದ ತೋಡಿನಲ್ಲಿ ಪಂಚೆ ಹರಡಿ ಅರ್ಧ ದಿನ ನಿಂತೆ. ಒಂದು ಏಡಿ ಬಂತು. ಪಂಚೆಯನ್ನು ಅದು ಹಿಡಿಯಿತು.

ಹಾಗಾಗಿ ಹುಡುಕಿ ಹೋದದ್ದು ಭಟ್ಕಳದ ಮುಜೀಬ್ ಸಾಹೇಬರನ್ನು. ದುಬೈಯಿಂದ ಮರಳಿ ಬಟ್ಟೆ ಅಂಗಡಿ ಇಟ್ಟವರು. ಅಂಗಡಿಯ ಹಿಂದೆ ಹವ್ಯಾಸಕ್ಕೆ ಮೀನು ಸಾಕುವ ಗಾಜಿನ ತೊಟ್ಟಿಗಳ ಸಾಲು. ಮನೆಯೊಳಕ್ಕೆ ತಮ್ಮ ಮನೆಮಾತು ನವಾಯತಿಯಲ್ಲಿ ಚಹಕ್ಕೆ ಕೂಗಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: "ನಮ್ಮ ಹಳ್ಳದ ಮೀನು ಸಾರ್ ಇದು. ನಾನು ದುಬೈಯಲ್ಲಿ ಪೈಸೆ ಕೊಟ್ಟು ತಗೊಂಡೆ. ಮೀನಿಗೂ ಗಲ್ಫ್ ರಿಟರ್ನ್ ಆದ್ರೇ ಮರ್ಯಾದೆ."

ನಮಾಜಿಗೆ ಹೊರಡುವ ಅವಸರದಲ್ಲೂ ಎಂಟನ್ನು ಆರಿಸಿ, ನೀರು ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿ, ರಬ್ಬರ್ ಬ್ಯಾಂಡು ಬಿಗಿದರು. ಹಣ ಮುಟ್ಟಲಿಲ್ಲ. "ಮೊಮ್ಮಗಳಿಗೆ ನನ್ನ ಸಲಾಂ ಹೇಳಿ. ಬೆಚ್ಚಗೆ ಇಡಿ, ಅಷ್ಟೇ."

ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ಚೀಲ ನೋಡಿದ. "ಮೀನು ಬಸ್ಸಿಗೆ ಇಲ್ಲ."

"ವಾಸನೆ ಇಲ್ಲ, ಜೀವ ಇದೆ" ಎಂದೆ.

"ಜೀವ ಇರೂದು ನಿಮಗೆ. ರೂಲ್ಸಿಗೆ ಮೀನು ಅಂದ್ರೆ ಮೀನು." ಸೀಟಿ ಊದಿದ.

ಹೀಗೆ ನಾನು ಮೀನು ಮಾರುವ ಹೆಂಗಸರ ಟೆಂಪೋ ಹತ್ತಿದೆ. ಅಲ್ಲಿ ಮೀನಿಗೆ ತಕರಾರಿಲ್ಲ, ತಕರಾರು ಮೇಷ್ಟರ ಬಿಳಿ ಪಂಚೆಗೆ. ಪಕ್ಕದಲ್ಲಿ ಬುಟ್ಟಿ ಇಟ್ಟು ಕೂತ ಮಾದೇವಿ ಎಂಬವಳು ಚೀಲದತ್ತ ಕಣ್ಣು ಕಿರಿದು ಮಾಡಿದಳು.

"ಎಂತ ಮೀನ್ರಾ ಇದು? ಒಂದು ತುತ್ತಿಗೂ ಆಗೂದಿಲ್ಲ."

ಮೊಮ್ಮಗಳ ಕತೆ ಹೇಳಿದೆ. ಮುರ್ಡೇಶ್ವರದ ತಿರುವು ದಾಟಿದ ಮೇಲೆ ಮಾದೇವಿ ಹೇಳಿದಳು: "ಹಾಂಗಾದ್ರೆ ಇವು ಮನೆ ಮುಟ್ಟೂವರೆಗೆ ಕೆಡೂಕಾಗ್ದು." ಆ ಮಾತಿನ ಪೂರ್ತಿ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಶರಾವತಿ ಸೇತುವೆ ದಾಟಿ ಹೊನ್ನಾವರದಲ್ಲಿ ಟೆಂಪೋ ನಿಂತಿತು. ಜನ ತುಂಬುವವರೆಗೆ ಅದು ಕದಲುವುದಿಲ್ಲ. ಸುಡು ಬಿಸಿಲು. ಚೀಲವನ್ನು ಮಾದೇವಿಗೆ ಒಪ್ಪಿಸಿ, ಎರಡು ಬನ್ಸ್, ಒಂದು ಚಹ ಮುಗಿಸಿ ಬಂದೆ. ಆಸನದ ಮೇಲೆ ಚೀಲ ಇಲ್ಲ.

"ಹೆದರೂದು ಬ್ಯಾಡ" ಎಂದು ಮಾದೇವಿ ಬುಟ್ಟಿಯ ಗೋಣಿ ಸರಿಸಿದಳು. ಬಂಗಡೆಗಳ ನಡುವೆ, ಪುಡಿ ಐಸಿನಲ್ಲಿ ಕುತ್ತಿಗೆಯವರೆಗೆ ಹುಗಿದು, ನನ್ನ ಚೀಲ. "ಈ ಬಿಸಿಲಿಗೆ ಯಾವ ಮೀನು ತಡೀತದೆ? ಹೊಸ ಐಸು, ಈಗಷ್ಟೇ ತಂದು ಹಾಕಿದ್ದೆ."

ಅವಳ ಜನ್ಮದಲ್ಲಿ ಮೀನು ಪ್ರಯಾಣ ಮಾಡಿದ್ದೆಲ್ಲ ಐಸಿನಲ್ಲೇ. ನನ್ನ ಮೀನಿಗೆ ತನ್ನ ಮೀನಿಗಿಂತ ಹೆಚ್ಚು ಐಸು ಕೊಟ್ಟಿದ್ದಳು. ಚೀಲ ಎತ್ತಿ ಬೆಳಕಿಗೆ ಹಿಡಿದೆ. ಎಂಟೂ ತಳದಲ್ಲಿ ಅಡ್ಡ ಮಲಗಿದ್ದವು. ನನ್ನ ಮುಖ ನೋಡಿ ಅವಳಿಗೆ ತಿಳಿಯಿತು.

"ಜೀವಂತ ಬೇಕಾಗಿತ್ತಾ?" ಮೆತ್ತಗೆ ಕೇಳಿದಳು. "ಅಯ್ಯೋ, ಆ ಹುಡುಗಿ."

ಚಾಲಕ ಹಿಂತಿರುಗಿದ. "ಮೇಷ್ಟ್ರೇ, ಶ್ರಾದ್ಧ ಆಮೇಲೆ ಮಾಡುವಾ. ಇಲ್ಲಿ ತನ್ನಿ." ಅವನ ಪಕ್ಕದಲ್ಲಿ ಇಂಜಿನ್ನಿನ ಮುಚ್ಚಳ, ಅದರ ಮೇಲೆ ಗೋಣಿಯ ಮಡಿಕೆ. ಮನುಷ್ಯರು ಕೂತರೆ ಹಾರಿ ಏಳುವಂಥ ಸಿಂಹಾಸನ. ಅದರ ಮೇಲೆ ಚೀಲವನ್ನು ಪ್ರತಿಷ್ಠಾಪಿಸಿದೆವು. ತೀರಾ ಬಿಸಿಯಾದರೆ ಸಾರಾದೀತೆಂದು ಮಾದೇವಿ ತನ್ನ ಅಂಗೈ ಕೆಳಗಿಟ್ಟು ಕೂತಳು. ತನಗೆ ಸುಟ್ಟಾಗ ಚೀಲ ಎತ್ತುವಳು, ಮತ್ತೆ ಇಳಿಸುವಳು. ಟೆಂಪೋ ಪೂರ್ತಿ ತುಂಬದೆಯೇ ಹೊರಟಿತು. ಹೊನ್ನಾವರದ ಇತಿಹಾಸದಲ್ಲಿ ಇದು ದಾಖಲಾಗಬೇಕಾದ ಸಂಗತಿ.

ಕರ್ಕಿ ದಾಟಿತು, ಏನೂ ಇಲ್ಲ. ಹಳದೀಪುರದಲ್ಲಿ ಇಳಿಯಬೇಕಾದ ಹೆಂಗಸು ಇಳಿಯಲಿಲ್ಲ. "ನೋಡ್ಕಂಡೇ ಹೋಗ್ತೆ" ಎಂದಳು. ಅಷ್ಟರಲ್ಲಿ ಒಂದರ ಬಾಲ ನಡುಗಿತು. ಅದು ತಲೆ ಎತ್ತಿತು, ಓರೆಯಾಗಿ ಈಜಿತು. ಆಮೇಲೆ ಇನ್ನೊಂದು. ಕುಮಟೆ ಮುಟ್ಟುವಾಗ ಎಂಟೂ ಮರಳಿ ಪಟ್ಟೆ ಮಿಂಚಿಸುತ್ತಿದ್ದವು, ಟೆಂಪೋದಲ್ಲಿ ಮದುವೆ ದಿಬ್ಬಣದ ಗದ್ದಲ. ಮಾದೇವಿ ಕೆಂಪಾದ ಅಂಗೈ ಉಜ್ಜಿಕೊಳ್ಳುತ್ತ, "ಆತು. ಇನ್ನು ನಿಮ್ಮ ಕೆಲಸ" ಎಂದಳು.

ನನ್ನ ಕೆಲಸವೆಂದರೆ ಮನೆಯ ಗಾಜಿನ ತೊಟ್ಟಿಯ ತಳಕ್ಕೆ ಗೋಲಿ ಹಾಸುವುದು. ಇಲ್ಲದಿದ್ದರೆ ತಂದೆತಾಯಿಗಳೇ ಮೊಟ್ಟೆ ತಿನ್ನುತ್ತವೆ. ಶನಿವಾರ ಮುಂಜಾನೆ ಬೆಳಕು ಬಿದ್ದ ಕೂಡಲೇ ಮೀನುಗಳು ಬೆನ್ನಟ್ಟಾಡಿದವು, ಗೋಲಿಗಳ ಸಂದಿಗೆ ಮೊಟ್ಟೆ ಉದುರಿತು. ಭಾನುವಾರ ಸಂಜೆ, ಐಸಿನ ಕತೆಯನ್ನು ಮೂರನೇ ಸಲ ಹೇಳಿಸಿಕೊಂಡು, ನನ್ನ ಹಳೆಯ ಸೂಕ್ಷ್ಮದರ್ಶಕಕ್ಕೆ ಮೈತ್ರಿ ಕಣ್ಣಿಟ್ಟಳು. ಮೊಟ್ಟೆಯೊಳಗಿನ ಮರಿಯ ಗುಂಡಿಗೆ ಬಡಿಯುತ್ತಿತ್ತು. ಬಾಲದುದ್ದಕ್ಕೆ ಕಣಗಳು ಓಡುತ್ತಿದ್ದವು.

"ಕೆಂಪಿಲ್ಲ ಅಜ್ಜಾ."

"ಬರ್ತದೆ. ನಿಧಾನ."

"ಬರದಿದ್ರೆ?"

ನಾನು ಸೂಕ್ಷ್ಮದರ್ಶಕದ ಕನ್ನಡಿಯನ್ನು ದೀಪದತ್ತ ಇನ್ನಷ್ಟು ತಿರುಗಿಸಿದೆ. ಸುಧಾ ಬಾಗಿಲಲ್ಲಿ ನಿಂತಿದ್ದಳು.

ಸೋಮವಾರ ಬೆಳಿಗ್ಗೆ ಮಂಗಳೂರು ಬಸ್ಸಿಗೆ ಮೊದಲು ಮೈತ್ರಿ ತಾನೇ ಎದ್ದು, ಹಲ್ಲುಜ್ಜದೆ ಸೂಕ್ಷ್ಮದರ್ಶಕದ ಮುಂದೆ ಕೂತಳು. ತುಂಬ ಹೊತ್ತು ತಲೆ ಎತ್ತಲಿಲ್ಲ. "ಬಂತು" ಎಂದಳು. ನಾನೂ ನೋಡಿದೆ. ಗುಂಡಿಗೆಯ ಬಳಿ ಕುಂಕುಮದ ನೀರಿನಷ್ಟು ತೆಳು ಕೆಂಪು, ಬಡಿತಕ್ಕೊಮ್ಮೆ ಚಿಮ್ಮುತ್ತಿತ್ತು.

ಬಸ್‌ಸ್ಟ್ಯಾಂಡಿನವರೆಗೆ ಪ್ರಶ್ನೆ ನಿಲ್ಲಲಿಲ್ಲ. ಕೆಂಪು ಬಾರದ ಮೀನೂ ಇರ್ತದಾ? ಇರ್ತದೆ, ಎಲ್ಲಿ ತಪ್ಪಿತೆಂದು ತಿಳಿಯಲು ದೂರದ ದೇಶಗಳಲ್ಲಿ ಅಂಥವನ್ನೇ ಸಾಕುತ್ತಾರೆ ಎಂದೆ.

ಅವಳು ಕಿಟಕಿ ಪಕ್ಕ ಕೂತು ಯೋಚಿಸಿದಳು. "ಪಾಪ. ಅವನ್ನ ಮಂಗಳೂರಿಗೆ ಯಾರು ಕರ್ಕಂಡು ಹೋಗ್ತಾರೆ?"

ಸುಧಾ ನಕ್ಕಳು. ಬಹಳ ದಿನದ ಮೇಲೆ. ಬಸ್ಸು ಹೊರಟಿತು. ಮೈತ್ರಿ ಕಿಟಕಿಯಿಂದ ಕೈ ಬೀಸುತ್ತ ಕೂಗಿದಳು: "ಅಜ್ಜಾ, ನಾ ಬರೂವರೆಗೆ ಐಸು ಹಾಕ್ಬೇಡ."