ಬಿಳಿ ನೆಲದ ನಾಲ್ಕು ಕಲೆಗಳು

ಬೀದಿಯವರಿಗೆಲ್ಲ ಅವಳು ಪರದೆ ಅಕ್ಕ. ಕಂಡವರ ಮನೆಯ ಕಿಟಕಿ ಅಳೆದು, ಪರದೆ ಹೊಲಿದು, ತಾನೇ ಹೋಗಿ ನೇತುಹಾಕಿ ಬರುತ್ತಿದ್ದಳು. ಕೊರಳಲ್ಲಿ ಯಾವಾಗಲೂ ಅಳತೆಯ ಟೇಪು, ತುಟಿಗಳ ನಡುವೆ ನಾಲ್ಕೈದು ಗುಂಡುಸೂಜಿ. ಸೂಜಿ ಕಚ್ಚಿಕೊಂಡವಳು ಎದುರು ಮಾತಾಡುವುದಾದರೂ ಹೇಗೆ? ಅವಳ ಗಂಡನಿಗೆ ಇದು ಬಹಳ ಅನುಕೂಲವಾಗಿತ್ತು.

ಗಂಡ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವನು. ಮೂವತ್ತು ವರ್ಷ ಎಲ್ಲರನ್ನೂ ಕಳ್ಳರಂತೆ ನೋಡಿ ನೋಡಿ ಕಣ್ಣಿಗೆ ಅದೇ ಚಾಳಿ ಅಂಟಿಕೊಂಡಿತ್ತು. ಕೆಲಸ ಮುಗಿಸಿ ಬಂದವನೇ ಅಡುಗೆಮನೆಗೆ ಹೋಗಿ, ಬಗ್ಗಿ, ನೆಲದ ಮೇಲೆ ತೋರುಬೆರಳು ಎಳೆದು, ಆ ಬೆರಳನ್ನು ಅವಳ ಮೂಗಿನ ಮುಂದೆ ಹಿಡಿಯುತ್ತಿದ್ದ.

"ಇದೇನಿದು?"

ಆ ನೆಲ ಅವನೇ ಆರಿಸಿದ್ದು. ಮನೆ ಕಟ್ಟುವಾಗ ಅವಳು ಕೇಳಿದ್ದು ಚುಕ್ಕೆ ಚುಕ್ಕೆಯ ಕಂದು ಕಲ್ಲು. ಅವನು ಅಂಗಡಿಯಲ್ಲಿ ಹತ್ತು ಜನ ಕೇಳುವ ಹಾಗೆ, "ಬಿಳಿಯೇ ಇರ್ಲಿ. ಕೊಳೆ ಕಂಡ್ರೆ ತಾನೇ ನೀನು ಒರೆಸೋದು?" ಎಂದು ನಕ್ಕಿದ್ದ. ಅಂದಿನಿಂದ ಇಪ್ಪತ್ತೆರಡು ವರ್ಷ, ಹೊಲಿಗೆಯ ನಡುವೆ ಎದ್ದೆದ್ದು ಬಂದು, ದಿನಕ್ಕೆ ಮೂರು ಸಲ ಅವಳು ಮಂಡಿಯೂರಿ ಆ ಬಿಳುಪನ್ನು ಕಾಪಾಡಿದಳು. ಡಾಕ್ಟರು ಇನ್ನು ಮಂಡಿ ಊರಲೇಬಾರದು ಎಂದಾಗ ಗಂಡ ಕೇಳಿದ ಪ್ರಶ್ನೆ ಒಂದೇ: "ಹಾಗಾದ್ರೆ ಡಾಕ್ಟರ್ ಬಂದು ಒರೆಸ್ತಾನಾ?"

ಅವಳು ಅಳಲಿಲ್ಲ. ಬಟ್ಟೆ ಕತ್ತರಿಸುವವರು ತುಂಡನ್ನು ಎಸೆಯುವುದಿಲ್ಲ, ಯಾವತ್ತಾದರೂ ಬೇಕಾದೀತು ಎಂದು ಮಡಿಸಿಡುತ್ತಾರೆ. ಅವನ ಮಾತುಗಳನ್ನೂ ಅವಳು ಹಾಗೇ ಮಡಿಸಿಟ್ಟಳು.

ನಿವೃತ್ತನಾದ ಮೇಲೆ ಅವನು ಒಂದು ಕಾರು ಕೊಂಡ. ಅದನ್ನು ಯಾರಿಗೂ ಮುಟ್ಟಗೊಡದೆ ತಾನೇ ಒರೆಸುತ್ತಿದ್ದ. ಕಾರಿಗೊಂದು ಗ್ಯಾರೇಜು ಕಟ್ಟಿಸಿದ. ಆಮೇಲೆ ಗ್ಯಾರೇಜಿನ ಸಿಮೆಂಟು ನೆಲ ಕಣ್ಣಿಗೆ ಚುಚ್ಚತೊಡಗಿತು.

"ಈಗ ಪ್ಲಾಸ್ಟಿಕ್ ಟೈಲ್ಸ್ ಬಂದಿದೆ ಕಣೇ. ಅಂಟೂ ಬೇಡ, ಗಾರೆಯವನೂ ಬೇಡ. ಒಂದರ ಹಲ್ಲನ್ನ ಇನ್ನೊಂದಕ್ಕೆ ಸಿಕ್ಕಿಸಿ ತುಳಿದ್ರೆ ಕೂತ್ಕೊಳ್ಳುತ್ತೆ. ಟೇಪ್ ತಗೊಂಡು ಬಾ. ಅಳತೆಗೆ ನೀನು, ಆಯ್ಕೆಗೆ ನಾನು."

ಅಂಗಡಿಯ ಹುಡುಗಿ ಎರಡು ಬಗೆಯದನ್ನು ಮುಂದಿಟ್ಟಳು. ಒಂದು ಬೂದು ಬಣ್ಣದ್ದು, ಗಟ್ಟಿ, ಮೈತುಂಬ ತೂತು. ಇನ್ನೊಂದು ಬಿಳಿ, ಮುಖ ಕಾಣುವಷ್ಟು ಹೊಳಪು. ಪರದೆ ಅಕ್ಕ ಬಿಳಿಯದಕ್ಕೆ ಉಗುರು ಒತ್ತಿದಳು. ಮೆತ್ತಗೆ ಒಳಗೆ ಹೋಯಿತು. ಒತ್ತಿದ ಕ್ಷಣವೇ ಅವಳಿಗೆ ತನ್ನ ಹೊಲಿಗೆ ಯಂತ್ರ ನೆನಪಾಯಿತು.

ಐದು ವರ್ಷದ ಹಿಂದೆ ಹೊಲಿಗೆಯ ಮೇಜಿಗೆ ಇಂಥದೇ ಮೆತ್ತನೆಯ ಬಿಳಿ ಪ್ಲಾಸ್ಟಿಕ್ ಹಾಸು ಹಾಕಿ ಯಂತ್ರ ಇಟ್ಟಿದ್ದಳು. ಯಂತ್ರಕ್ಕೆ ಕಪ್ಪು ರಬ್ಬರಿನ ನಾಲ್ಕು ಪಾದ. ತಿಂಗಳಾಗುವುದರಲ್ಲಿ ಹಾಸಿನ ಮೇಲೆ ನಾಲ್ಕು ಕಂದು ಕಲೆ. ಸೋಪಿನ ಪುಡಿ, ಸೋಡಾ, ಸೀಮೆಎಣ್ಣೆ, ಯಾವುದಕ್ಕೂ ಬಗ್ಗಲಿಲ್ಲ. ಕಲೆ ಮೇಲೆ ಕೂತಿರಲಿಲ್ಲ, ರಬ್ಬರಿನ ಬಣ್ಣವನ್ನು ಪ್ಲಾಸ್ಟಿಕ್ಕೇ ಕುಡಿದುಬಿಟ್ಟಿತ್ತು. ಗಂಡ ಮನೆಗೆ ಬಂದವರಿಗೆಲ್ಲ ಆ ಹಾಸು ತೋರಿಸಿ, "ನೋಡಿ, ನಮ್ಮನೆಯವಳ ಅಚ್ಚುಕಟ್ಟು" ಅನ್ನುತ್ತಿದ್ದ.

ಕಾರಿಗೂ ಕಪ್ಪು ರಬ್ಬರಿನ ಪಾದ ನಾಲ್ಕು.

"ಸರ್, ಕಾರು ನಿಲ್ಸೋ ಕಡೆ ಬೂದು ಹಾಕಿ," ಎಂದಳು ಹುಡುಗಿ. "ಧೂಳು, ನೀರು ತೂತಲ್ಲಿ ಇಳಿದುಹೋಗುತ್ತೆ. ಈ ಬಿಳಿದಾದ್ರೆ ಟೈರು..."

"ಟೈರಿನ ವಿಷಯ ನನಗೆ ಹೇಳಿಕೊಡ್ತೀಯೇನಮ್ಮ? ಮೂವತ್ತು ವರ್ಷ ಗಾಡಿ ಮೇಲೇ ಬದುಕಿದವನು ನಾನು!"

ಆದರೂ ಅವನ ಕೈ ಬೂದು ಟೈಲಿನ ಕಡೆಗೇ ಹೋಯಿತು. "ಇದು ಕೊಳೆ ಮುಚ್ಚಿಹಾಕುತ್ತೆ ಅಲ್ವಾ?" ಎಂದು ಅದನ್ನು ತಿರುಗಿಸಿ ನೋಡಿದ. ತನ್ನ ಪಾಲಿನ ಕೆಲಸ ಅಂದರೆ ಅವನ ಕಣ್ಣಿಗೂ ಬೂದು ಬಣ್ಣವೇ ಚೆಂದ ಕಾಣುತ್ತಿತ್ತು.

ಪರದೆ ಅಕ್ಕ ಇಪ್ಪತ್ತೆರಡು ವರ್ಷದ ಹಿಂದೆ ಮಡಿಸಿಟ್ಟದ್ದನ್ನು ಮೆಲ್ಲಗೆ ಬಿಚ್ಚಿದಳು.

"ಬಿಳಿಯೇ ಇರ್ಲಿ ಬಿಡಿ. ಕೊಳೆ ಕಂಡ್ರೆ ತಾನೇ ಒರೆಸೋದು?"

ತನ್ನ ಮಾತಿನ ಗುರುತು ಅವನಿಗೇ ಸಿಗಲಿಲ್ಲ. "ನೋಡು, ಈಗ ನಿನಗೂ ಬುದ್ಧಿ ಬಂತು," ಎಂದು ಖುಷಿಪಟ್ಟ.

"ಆಂಟಿ, ಆದ್ರೆ..." ಎಂದು ಹುಡುಗಿ ಇನ್ನೊಮ್ಮೆ ಬಾಯಿ ತೆರೆದಳು. ಪರದೆ ಅಕ್ಕ ಅವಳ ಮಣಿಕಟ್ಟನ್ನು ಮೃದುವಾಗಿ ಹಿಡಿದಳು. "ನನಗೆ ಗೊತ್ತಮ್ಮ. ಹದಿನೆಂಟಡಿ ಉದ್ದ, ಹತ್ತಡಿ ಅಗಲ. ಒಂದಡಿ ಚೌಕದ್ದು ನೂರಾ ಎಂಬತ್ತು ಕೊಡು. ಒಂದೂ ಹೆಚ್ಚು ಬೇಡ."

ಹೆಚ್ಚಿಗೆ ಇದ್ದರೆ ಕಲೆಯಾದದ್ದನ್ನು ಕಿತ್ತು ಬೇರೆ ಹಾಕಬಹುದಲ್ಲ. ಅದಕ್ಕೇ.

ನೆಲ ಹಾಸಿದ ದಿನ ನಾದಿನಿ ನೋಡಲು ಬಂದಳು. ತಂಗಿಯ ಮುಂದೆ ಅವನ ಎದೆ ಉಬ್ಬಿತು. "ಇದರ ಮೇಲೆ ಯಾರೂ ಕಾಲಿಡಕೂಡದು. ಇವಳಂತೂ ಆ ಕೊಳಕು ಬಟ್ಟೆ ಹಿಡ್ಕೊಂಡು ಒಳಗೇ ಬರಬಾರದು. ಈ ನೆಲ ಒರೆಸೋನು ನಾನೇ."

"ಕೇಳಿಸ್ಕೊಂಡೆಯಲ್ಲ? ನೀನೇ ಸಾಕ್ಷಿ ಕಣೇ," ಎಂದಳು ಪರದೆ ಅಕ್ಕ.

ನಾದಿನಿ ಬಿದ್ದು ಬಿದ್ದು ನಕ್ಕಳು. "ನಮ್ಮಣ್ಣ ನೆಲ ಒರೆಸೋದಾ? ಅದಕ್ಕೆ ಟಿಕೆಟ್ ಇಟ್ರೂ ನೋಡೋಕೆ ಬರ್ತೀನಿ ಅತ್ತಿಗೆ!"

ತಿಂಗಳು ತುಂಬುವ ಮೊದಲೇ ಕಲೆಗಳು ಬಂದವು. ನಾಲ್ಕು, ಒಂದೊಂದೂ ಊಟದ ತಟ್ಟೆಯಷ್ಟು ದೊಡ್ಡವು. ಮೊದಲ ದಿನ ಅವನು ನಿಂತೇ ಒರೆಸಿದ. ಎರಡನೆಯ ದಿನ ಕುಕ್ಕರಗಾಲಲ್ಲಿ ಕೂತ. ಮೂರನೆಯ ದಿನ ಮಂಡಿಯೂರಿದ. ನಾಲ್ಕನೆಯ ದಿನ ಕೂಗಿದ: "ಏ, ಸ್ವಲ್ಪ ಬಾ ಇಲ್ಲಿ! ಇದಕ್ಕೆ ಏನು ಹಾಕ್ಬೇಕೇ?"

ಅವಳು ಬಾಯಿಯ ಸೂಜಿಗಳನ್ನು ಒಂದೊಂದಾಗಿ ತೆಗೆದು ರವಿಕೆಯ ತೋಳಿಗೆ ಚುಚ್ಚಿಕೊಂಡು ಬಂದಳು. ಬಗ್ಗಿದಳು. ಕಲೆಯ ಮೇಲೆ ತೋರುಬೆರಳು ಎಳೆದು ಅವನ ಮೂಗಿನ ಮುಂದೆ ಹಿಡಿದಳು.

"ಇದೇನಿದು?"

ಅವನು ಬೆರಳನ್ನೇ ನೋಡಿದ. "ನಿನ್ನ ಮೆಷಿನ್ ಹಾಸಿನ ಮೇಲೂ ಹೀಗೇ..." ಎಂದು ಶುರು ಮಾಡಿದವನ ಮಾತು ಅಲ್ಲೇ ನಿಂತಿತು. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಸುಮ್ಮನಿದ್ದೆಯಾ!"

"ಸುಮ್ಮನೆ ಎಲ್ಲಿದ್ದೆ? ಬಿಳಿಯೇ ಇರ್ಲಿ ಅಂತ ಬಾಯಿ ಬಿಟ್ಟು ಹೇಳಿದ್ನಲ್ಲ."

ಅವನು ಏಳಲು ನೋಡಿ, ಗೋಡೆ ಹಿಡಿದು, ಮತ್ತೆ ಕೂತ. "ಮಂಡಿ ಹೋಯ್ತು ಕಣೇ ನಂದು."

"ಡಾಕ್ಟರ್ ಬಂದು ಒರೆಸ್ತಾನಾ?" ಎಂದಳು ಪರದೆ ಅಕ್ಕ. "ಅಂದ ಹಾಗೆ ನಿಮ್ಮ ತಂಗಿ ಫೋನ್ ಮಾಡಿದ್ಲು. ಭಾನುವಾರ ಮತ್ತೆ ನೆಲ ನೋಡೋಕೆ ಬರ್ತಾಳಂತೆ."

ಅವನ ಕೈ ತಾನಾಗಿಯೇ ಬ್ರಷ್ಷಿನ ಕಡೆಗೆ ಹೋಯಿತು.

ಮರುದಿನ ಅವಳು ಒಬ್ಬಳೇ ಅದೇ ಅಂಗಡಿಗೆ ಹೋದಳು. ಚುಕ್ಕೆ ಚುಕ್ಕೆಯ ಕಂದು ಟೈಲ್ಸ್ ಕೇಳಿದಳು. ತೂತಿಲ್ಲದ್ದು, ಕಾಲು ಜಾರದ್ದು.

"ಬಿಳಿದು ಕಲೆಯಾಯ್ತಾ ಆಂಟಿ? ಗ್ಯಾರೇಜಿಗಾ ಇದು?"

"ಅಲ್ಲಮ್ಮ, ಅಡುಗೆಮನೆಗೆ. ಗ್ಯಾರೇಜಿನಲ್ಲಿ ಬಿಳಿಯೇ ಇರುತ್ತೆ."

ಶನಿವಾರ ಸಂಜೆ ಅವಳು ಅಡುಗೆಮನೆಯ ಬಿಳಿ ಕಲ್ಲಿನ ಮೇಲೆ ಮೂಲೆಯಿಂದ ಶುರು ಮಾಡಿದಳು. ಮಂಡಿ ಊರಲಿಲ್ಲ. ಟೈಲನ್ನು ಕೋಲಿನಿಂದ ದೂಡಿ, ಹಲ್ಲಿಗೆ ಹಲ್ಲು ಹೊಂದಿಸಿ, ಹಿಮ್ಮಡಿಯಿಂದ ತುಳಿದಳು. ಟಕ್ ಎಂದು ಕೂತಿತು. ಗೋಡೆಯಾಚೆ ಗ್ಯಾರೇಜಿನಲ್ಲಿ ಬ್ರಷ್ಷು ಸರಸರ ಅನ್ನುತ್ತಿತ್ತು. ಅವಳು ಇನ್ನೊಂದನ್ನು ತುಳಿದಳು, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ.

ಬ್ರಷ್ಷು ನಿಂತಿತು. "ಏ, ಏನದು ಸದ್ದು?"

"ಏನಿಲ್ಲ ರೀ," ಎಂದಳು ಪರದೆ ಅಕ್ಕ. "ನೀವು ಒರೆಸಿ."